ಮುಖದಲ್ಲಿ ಮೊದಲ ಗೆರೆ ಕಂಡಾಗ: ಏನು ನೋಡಬೇಕು, ಏನು ಮಾಡಬೇಕು

ಇಪ್ಪತ್ತೈದರಿಂದ ಮೂವತ್ತೈದರ ನಡುವೆ ಒಂದಲ್ಲ ಒಂದು ದಿನ ಈ ಅನುಮಾನ ಹೆಚ್ಚಿನವರಿಗೆ ಬರುತ್ತದೆ. ಹಣೆಯ ಮೇಲೆ ಒಂದು ಗೆರೆ, ಕಣ್ಣಿನ ಕೆಳಗೆ ಸ್ವಲ್ಪ ಗುಳಿ, ನಗು ಮುಗಿದ ಮೇಲೂ ಕೆನ್ನೆಯಲ್ಲಿ ಉಳಿದುಕೊಂಡ ಮಡಿಕೆ. ಇಷ್ಟು ಬೇಗ ವಯಸ್ಸಾಯಿತೇ ಅನ್ನಿಸುತ್ತದೆ. ಆ ಗಾಬರಿಯಲ್ಲೇ ಸೀರಮ್ಮು, ಕ್ರೀಮು ಹುಡುಕಲು ಶುರು ಮಾಡುತ್ತೇವೆ. ನಾನು ಹೇಳುವುದಿಷ್ಟೇ: ಕೊಳ್ಳುವ ಮೊದಲು ನೋಡಿ. ಕಂಡದ್ದು ನಿಜಕ್ಕೂ ವಯಸ್ಸಿನ ಗುರುತೋ, ಹುಟ್ಟಿನಿಂದ ಬಂದ ಮುಖದ ಕಟ್ಟೋ, ನಿದ್ದೆಗೆಟ್ಟ ರಾತ್ರಿಯ ಫಲವೋ ಎಂದು ಬೇರ್ಪಡಿಸಿಕೊಂಡರೆ ಅರ್ಧ ಚಿಂತೆ ಅಲ್ಲೇ ಕರಗುತ್ತದೆ. ಉಳಿದ ಅರ್ಧದಲ್ಲಿ ದೊಡ್ಡ ಪಾಲು ವಯಸ್ಸಿನದಲ್ಲ, ಬಿಸಿಲಿನದು. ಬಿಸಿಲಿಗೆ ಮದ್ದಿದೆ.

ಮೊದಲು ಬೆಳಕು ಮತ್ತು ದೂರ ಸರಿ ಮಾಡಿಕೊಳ್ಳಿ

ಈಗ ನಾವು ನಮ್ಮ ಮುಖವನ್ನು ಹೆಚ್ಚಾಗಿ ನೋಡಿಕೊಳ್ಳುವುದು ಫೋನಿನ ಮುಂದಿನ ಕ್ಯಾಮೆರಾದಲ್ಲಿ. ಈ ಕೆಲಸಕ್ಕೆ ಅದನ್ನು ನಂಬಬೇಡಿ. ಕ್ಯಾಮೆರಾ ತೀರಾ ಹತ್ತಿರವಿದ್ದಾಗ ಮುಖದ ನಡುಭಾಗ ಮುಂದೆ ಬಂದು ಬದಿಗಳು ಹಿಂದೆ ಸರಿದಂತೆ ಕಾಣುತ್ತವೆ. ಸುಮಾರು 30 ಸೆಂಟಿಮೀಟರ್ ದೂರದ ಸೆಲ್ಫಿಯಲ್ಲಿ ಮೂಗಿನ ಬುಡ, ಒಂದೂವರೆ ಮೀಟರ್ ದೂರದ ಫೋಟೋಗೆ ಹೋಲಿಸಿದರೆ ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಮೂಗೇ ಅಷ್ಟು ಬದಲಾಗುವ ಚಿತ್ರದಲ್ಲಿ ಸುಕ್ಕಿನ ಆಳ ಅಳೆಯುವುದು ತಪ್ಪು ಲೆಕ್ಕ. ತಲೆಯ ಮೇಲಿನ ದೀಪವೂ ಮೋಸ ಮಾಡುತ್ತದೆ. ಹುಬ್ಬಿನ ನೆರಳು ಕಣ್ಣಿನ ಮೇಲೆ, ರೆಪ್ಪೆಯ ಉಬ್ಬಿನ ನೆರಳು ಕೆನ್ನೆಯ ಮೇಲೆ ಬಿದ್ದು ಯಾರೇ ಆದರೂ ದಣಿದವರಂತೆ ಕಾಣುತ್ತಾರೆ. ದೊಡ್ಡದು ಮಾಡಿ ತೋರಿಸುವ ಕನ್ನಡಿಯನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಎದುರಿಗೆ ಕೂತು ಮಾತಾಡುವ ಯಾರೂ ನಿಮ್ಮ ಮುಖವನ್ನು ಅಷ್ಟು ಹತ್ತಿರದಿಂದ ನೋಡುವುದಿಲ್ಲ.

ಹಾಗಾದರೆ ಹೀಗೆ ಮಾಡಿ. ಚೆನ್ನಾಗಿ ನಿದ್ದೆ ಮಾಡಿದ ದಿನ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಮುಖ ತೊಳೆದು, ಏನೂ ಹಚ್ಚದೆ ಅರ್ಧ ಗಂಟೆ ಬಿಡಿ. ನೇರ ಬಿಸಿಲು ಬೀಳದ ಕಿಟಕಿಗೆ ಮುಖ ಮಾಡಿ ನಿಲ್ಲಿ. ಫೋನಿನ ಹಿಂದಿನ ಕ್ಯಾಮೆರಾದಿಂದ, ಒಂದೂವರೆ ಮೀಟರ್ ದೂರದಿಂದ, ಬೇಕಿದ್ದರೆ ಸ್ವಲ್ಪ ಝೂಮ್ ಮಾಡಿ, ಯಾರಿಂದಲಾದರೂ ಫೋಟೋ ತೆಗೆಸಿಕೊಳ್ಳಿ. ಯಾರೂ ಇಲ್ಲದಿದ್ದರೆ ಟೈಮರ್ ಇಟ್ಟರೂ ಆದೀತು. ಎದುರಿನಿಂದ ಒಂದು, ಎಡ–ಬಲ ಓರೆಯಾಗಿ ಒಂದೊಂದು. ಆಮೇಲೆ ಎದುರಿನಿಂದಲೇ ಇನ್ನು ಮೂರು: ಬಾಯಿ ತುಂಬ ನಗುತ್ತಾ, ಹುಬ್ಬು ಮೇಲೇರಿಸಿ, ಹುಬ್ಬು ಗಂಟಿಕ್ಕಿ. ಫಿಲ್ಟರ್ ಮತ್ತು ಬ್ಯೂಟಿ ಮೋಡ್ ಆಫ್ ಆಗಿರಲಿ. ಕೆಲವು ಫೋನುಗಳಲ್ಲಿ ಅವು ಕೇಳದೆಯೇ ಆನ್ ಆಗಿರುತ್ತವೆ. ಈ ಆರು ಚಿತ್ರಗಳನ್ನು ಒಂದು ಫೋಲ್ಡರಿಗೆ ಹಾಕಿ ಮುಚ್ಚಿಡಿ. ಮುಂದಿನ ಸರದಿ ಆರು ತಿಂಗಳ ನಂತರ, ಅದೇ ಕಿಟಕಿ, ಅದೇ ಹೊತ್ತು. ದಿನವೂ ನೋಡಿದರೆ ಬದಲಾವಣೆ ಗೊತ್ತಾಗುವುದಿಲ್ಲ, ಮನಸ್ಸು ಮಾತ್ರ ಕೆಡುತ್ತದೆ.

ಕಂಡದ್ದೆಲ್ಲ ವಯಸ್ಸಲ್ಲ

ಮೊದಲು ಒಣಗಿದ ಚರ್ಮವನ್ನು ಲೆಕ್ಕದಿಂದ ತೆಗೆಯೋಣ. ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ತೆಳುವಾದ, ಒಂದಕ್ಕೊಂದು ಹೆಣೆದುಕೊಂಡಂತಿರುವ ಗೆರೆಗಳಿವೆಯೇ? ಮಾಯಿಶ್ಚರೈಸರ್ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಹೆಚ್ಚುಕಡಿಮೆ ಮಾಯವಾದರೆ ಅದು ಚರ್ಮದ ಮೇಲ್ಪದರದ ತೇವದ ಕೊರತೆ, ಸುಕ್ಕಲ್ಲ. ಎ.ಸಿ. ಕೋಣೆ, ಬಿಸಿ ನೀರಿನ ಸ್ನಾನ, ನೊರೆ ಹೆಚ್ಚಿರುವ ಫೇಸ್‌ವಾಶ್ ಇವೆಲ್ಲ ಅದಕ್ಕೆ ಕಾರಣ ಆಗಬಹುದು.

ಎದ್ದಾಗ ಕೆನ್ನೆಯಲ್ಲೋ ಕಣ್ಣಿನ ಪಕ್ಕದಲ್ಲೋ ಮೇಲಿಂದ ಕೆಳಗೆ ಹೋಗುವ ಗೆರೆ ಇದ್ದು ಸ್ವಲ್ಪ ಹೊತ್ತಿಗೆ ಹೋಗುತ್ತಿದ್ದರೆ ಅದು ದಿಂಬಿನ ಗುರುತು. ಬೆಳಗಿನ ಕಣ್ಣಿನ ಊತ ಮಧ್ಯಾಹ್ನಕ್ಕೆ ಇಳಿದರೆ ಅದು ಮಲಗಿದಾಗ ಅಲ್ಲಿ ನಿಂತ ನೀರು.

ಮೂಗಿನ ಬದಿಯಿಂದ ಬಾಯಿಯ ಅಂಚಿಗೆ ಇಳಿಯುವ ಮಡಿಕೆಯ ಬಗ್ಗೆ ಅನಗತ್ಯ ಹೆದರಿಕೆ ಬಹಳ. ಆ ಮಡಿಕೆ ಮಕ್ಕಳಿಗೂ ಇರುತ್ತದೆ. ನಿಮ್ಮ ಹತ್ತನೇ ವಯಸ್ಸಿನ ಒಂದು ನಗುಮುಖದ ಫೋಟೋ ತೆಗೆದು ನೋಡಿ, ಅಲ್ಲಿಯೂ ಅದು ಇದ್ದರೆ ನಿಮ್ಮ ಮುಖದ ಕಟ್ಟೇ ಹಾಗೆ. ಸಾಧ್ಯವಾದರೆ ಅಪ್ಪ–ಅಮ್ಮನ, ನಿಮ್ಮ ಈಗಿನ ವಯಸ್ಸಿನ ಫೋಟೋಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಕಣ್ಣಿನ ಗುಳಿ, ಕೆನ್ನೆಯ ಮೂಳೆ, ದವಡೆಯ ಅಂಚು ಎಷ್ಟೋ ಸಲ ಅಲ್ಲಿಂದಲೇ ಇಳಿದು ಬಂದಿರುತ್ತವೆ.

ಕಣ್ಣಿನ ಕೆಳಗಿನ ಕಪ್ಪನ್ನು ಇನ್ನೂ ಹತ್ತಿರದಿಂದ ನೋಡಬೇಕು, ಯಾಕೆಂದರೆ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳು, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಕನ್ನಡಿಯ ಮುಂದೆ ನಿಂತು ಬೆರಳ ತುದಿಯಿಂದ ಕೆಳರೆಪ್ಪೆಯ ಚರ್ಮವನ್ನು ಮೆಲ್ಲಗೆ ಬದಿಗೆ ಎಳೆಯಿರಿ. ಕಂದು ಬಣ್ಣ ಎಳೆದಾಗಲೂ ಹಾಗೆಯೇ ಉಳಿದು ಚರ್ಮದ ಜೊತೆಗೇ ಸರಿದರೆ ಅದು ಚರ್ಮದೊಳಗಿನ ಬಣ್ಣ. ನೀಲಿಯೋ ನೇರಳೆಯೋ ಆಗಿದ್ದು, ಎಳೆದಾಗ ಇನ್ನಷ್ಟು ಎದ್ದು ಕಂಡರೆ ತೆಳು ಚರ್ಮದಡಿಯ ರಕ್ತನಾಳಗಳು ಇಣುಕುತ್ತಿವೆ ಎಂದು ಅರ್ಥ. ಈಗ ಬೆರಳು ತೆಗೆದು ಗಲ್ಲ ಮೇಲೆತ್ತಿ, ಬೆಳಕು ನೇರವಾಗಿ ಕಣ್ಣಿನ ಕೆಳಗೆ ಬೀಳುವಂತೆ ಮಾಡಿ. ಆಗ ಕಪ್ಪು ಕರಗಿದರೆ ಅದು ಬರೀ ಗುಳಿಯ ನೆರಳು. ಬಣ್ಣಕ್ಕೆ ಸನ್‌ಸ್ಕ್ರೀನ್ ಮತ್ತು ಕೆಲವು ಕ್ರೀಮುಗಳಿಂದ ಸ್ವಲ್ಪ ಪ್ರಯೋಜನವಿದೆ. ನೆರಳಿಗೆ ಯಾವ ಕ್ರೀಮಿನಿಂದಲೂ ಪ್ರಯೋಜನವಿಲ್ಲ. ಇದು ಗೊತ್ತಿಲ್ಲದೆ ಗುಳಿಗೆ ವರ್ಷಗಟ್ಟಲೆ ಐ ಕ್ರೀಮ್ ಹಚ್ಚುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ತೂಕ ಬೇಗನೆ ಇಳಿದರೂ ಕೆನ್ನೆ ಒಳಗೆ ಹೋಗಿ ವಯಸ್ಸಾದಂತೆ ಕಾಣುತ್ತದೆ. ಕಳೆದ ಕೆಲವು ತಿಂಗಳಲ್ಲಿ ತೂಕ ಇಳಿದಿದೆಯೇ ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳಿ.

ಹಾಗಾದರೆ ನಿಜವಾದ ಮೊದಲ ಗುರುತುಗಳು ಯಾವುವು?

ನಗುವಾಗ, ಹುಬ್ಬು ಏರಿಸುವಾಗ ಬೀಳುವ ಗೆರೆ ಎಲ್ಲರಿಗೂ ಇರುತ್ತದೆ. ಅದು ಸ್ನಾಯುವಿನ ಕೆಲಸ. ಮುಖ ಸಡಿಲ ಬಿಟ್ಟ ಮೇಲೂ ಅದೇ ಜಾಗದಲ್ಲಿ ತೆಳುವಾದ ಗೆರೆ ಉಳಿದಿದ್ದರೆ ಆಗ ಅದು ಗುರುತು. ಚರ್ಮವನ್ನು ಎಳೆದು ಹಿಡಿದಿರುವ ಕೊಲಾಜನ್ ಯೌವನದಲ್ಲೇ, ವರ್ಷಕ್ಕೆ ಸರಿಸುಮಾರು ಶೇ 1ರಂತೆ ಕಡಿಮೆಯಾಗುತ್ತಾ ಬರುತ್ತದೆ. ಹಾಗಾಗಿ ದಿನಕ್ಕೆ ನೂರಾರು ಸಲ ಮಡಚುವ ಜಾಗಗಳು, ಅಂದರೆ ಹಣೆ, ಹುಬ್ಬುಗಳ ನಡು, ಕಣ್ಣಿನ ಹೊರ ಅಂಚು, ಮೊದಲು ಸೋಲುತ್ತವೆ. ಅಮೆರಿಕದ ಚರ್ಮವೈದ್ಯ ರಿಚರ್ಡ್ ಗ್ಲೋಗೌ ಮಾಡಿದ ನಾಲ್ಕು ಹಂತಗಳ ವಿಂಗಡಣೆಯೂ ಇದೇ ದಾರಿಯದು: ಮೊದಲ ಹಂತದಲ್ಲಿ ಸುಕ್ಕು ಇಲ್ಲವೆನ್ನುವಷ್ಟು ಕಡಿಮೆ, ಎರಡನೆಯದರಲ್ಲಿ ಮುಖ ಆಡಿಸಿದಾಗ ಮಾತ್ರ, ಮೂರನೆಯದರಲ್ಲಿ ಸುಮ್ಮನಿದ್ದಾಗಲೂ, ನಾಲ್ಕರಲ್ಲಿ ಮುಖದ ತುಂಬ. ನೀವು ತೆಗೆದಿಟ್ಟ ಆರು ಚಿತ್ರಗಳಲ್ಲಿ ಮೊದಲ ಮೂರನ್ನು ಕೊನೆಯ ಮೂರರ ಜೊತೆ ಹೋಲಿಸಿ ನೋಡಿದರೆ ನಿಮ್ಮ ಹಂತ ನಿಮಗೇ ತಿಳಿಯುತ್ತದೆ.

ಕಂದು ಮತ್ತು ಕಪ್ಪು ಬಣ್ಣದ ಚರ್ಮದಲ್ಲಿ ಕಥೆ ಸ್ವಲ್ಪ ಬೇರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಳ್ಳೆಯ ಕಾವಲು ಕೊಡುವುದರಿಂದ ಸುಕ್ಕು ತಡವಾಗಿ ಬರುತ್ತದೆ, ಬಣ್ಣದ ಏರುಪೇರು ಮೊದಲು ಬರುತ್ತದೆ. ಕೆನ್ನೆಯ ಮೇಲೆ ಬಂಗು, ಮೊಡವೆ ಹೋದ ಜಾಗದಲ್ಲಿ ತಿಂಗಳಾದರೂ ಹೋಗದ ಕಲೆ, ಹಣೆ ಒಂದು ಬಣ್ಣ ಗಲ್ಲ ಒಂದು ಬಣ್ಣ. ಬಿಳಿ ಚರ್ಮದವರನ್ನು ಮುಂದಿಟ್ಟುಕೊಂಡು ಬರೆದ ಸಲಹೆಗಳು ಸುಕ್ಕಿನ ಸುತ್ತಲೇ ಸುತ್ತುತ್ತವೆ. ಕಂದು ಚರ್ಮದವರು ಬಣ್ಣದ ಮೇಲೆ ಕಣ್ಣಿಡುವುದು ಮೇಲು.

ಇನ್ನು ಬಿಸಿಲಿನ ಪಾಲು ಎಷ್ಟು ಎಂಬುದನ್ನು ನಿಮ್ಮ ಮೈಯಲ್ಲೇ ನೋಡಬಹುದು. ತೋಳೆತ್ತಿ, ಕಂಕುಳಿಗೆ ಹತ್ತಿರದ ಒಳತೋಳಿನ ಚರ್ಮ ನೋಡಿ. ಈಗ ಅದರ ಪಕ್ಕ ಮುಂಗೈಯ ಹೊರಮೈಯನ್ನು ಹಿಡಿದು ನೋಡಿ. ಎರಡಕ್ಕೂ ವಯಸ್ಸು ಒಂದೇ. ಒಂದು ನಯವಾಗಿ, ಒಂದೇ ಬಣ್ಣದಲ್ಲಿದೆ. ಇನ್ನೊಂದರಲ್ಲಿ ಸಣ್ಣ ಚುಕ್ಕೆಗಳು, ಒರಟು, ಗಾಢ ಬಣ್ಣ. ಈ ವ್ಯತ್ಯಾಸದಲ್ಲಿ ಬಹುಪಾಲು ಬಿಸಿಲಿನ ಲೆಕ್ಕ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಟ್ರಕ್ ಚಾಲಕರ ಫೋಟೋ ಪ್ರಕಟವಾಗಿತ್ತು. 28 ವರ್ಷ ಟ್ರಕ್ ಓಡಿಸಿದ್ದ ಅವರ ಮುಖದಲ್ಲಿ ಕಿಟಕಿಯ ಕಡೆಗಿದ್ದ ಎಡಭಾಗ ದಪ್ಪ ಮಡಿಕೆಗಳಿಂದ ಜೋತುಬಿದ್ದಿತ್ತು, ಬಲಭಾಗದಲ್ಲಿ ಅಷ್ಟಿರಲಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ, ಚರ್ಮ ಕೆಂಪಾಗಿಸಿ ಸುಡುವ ಯುವಿಬಿಯನ್ನು ಗಾಜು ಬಹುತೇಕ ತಡೆಯುತ್ತದೆ. ಆಳಕ್ಕಿಳಿದು ಕೊಲಾಜನ್ ಹಾಳು ಮಾಡುವ ಯುವಿಎ ಸಾದಾ ಗಾಜನ್ನು ದಾಟಿ ಬರುತ್ತದೆ. ಕಿಟಕಿ ಪಕ್ಕ ಕೂತು ಕೆಲಸ ಮಾಡುವವರು, ದಿನವೂ ವಾಹನ ಓಡಿಸುವವರು ಇದನ್ನು ಮರೆಯಬಾರದು.

ಮಾಡಬೇಕಾದ ಮೊದಲ ಕೆಲಸ: ಸನ್‌ಸ್ಕ್ರೀನ್

ಒಂದೇ ಒಂದು ವಸ್ತು ಕೊಳ್ಳಲು ಸಾಧ್ಯ ಎಂದಾದರೆ ಇದನ್ನೇ ಕೊಳ್ಳಿ. ಮಾತು ಆಧಾರವಿಲ್ಲದ್ದಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 55 ವರ್ಷದೊಳಗಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿದ ಗುಂಪಿನಲ್ಲಿ, ಮನಸ್ಸು ಬಂದಾಗ ಮಾತ್ರ ಹಚ್ಚಿದವರಿಗಿಂತ, ಚರ್ಮಕ್ಕೆ ವಯಸ್ಸಾಗುವುದು ಶೇ 24ರಷ್ಟು ಕಡಿಮೆಯಿತ್ತು.

ಸನ್‌ಸ್ಕ್ರೀನಿನ ಮೇಲೆ ಬರೆದಿರುವ ಎಸ್‌ಪಿಎಫ್ ಸಂಖ್ಯೆ ಅದು ಕೊಡುವ ರಕ್ಷಣೆಯ ಅಳತೆ. ಎಸ್‌ಪಿಎಫ್ 15 ಯುವಿಬಿಯ ಸುಮಾರು ಶೇ 93 ಭಾಗವನ್ನು, 30 ಶೇ 97ನ್ನು, 50 ಶೇ 98ನ್ನು ತಡೆಯುತ್ತದೆ. 30 ದಾಟಿದ ಮೇಲೆ ಸಂಖ್ಯೆಯ ಹಿಂದೆ ಓಡುವುದಕ್ಕಿಂತ ಹಚ್ಚುವ ಪ್ರಮಾಣ ಸರಿ ಮಾಡಿಕೊಳ್ಳುವುದು ಮುಖ್ಯ. ಈ ಸಂಖ್ಯೆಗಳು ಬಂದಿರುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಮಾಡಿದ ಪರೀಕ್ಷೆಯಿಂದ. ನಾವು ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧವೂ ಇರುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಳ್ಳಿ. ಮುಖ ಮತ್ತು ಕುತ್ತಿಗೆಗೆ ಅಷ್ಟು ಬೇಕು. ಒಂದೇ ಸಲ ಬಳಿದರೆ ಬೆಳ್ಳಗೆ ನಿಲ್ಲುತ್ತದೆ. ಒಂದು ಬೆರಳಿನದನ್ನು ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದನ್ನು ಹಚ್ಚಿ. ಕಿವಿಯ ಮುಂಭಾಗ, ಕುತ್ತಿಗೆಯ ಬದಿ, ಕೈಯ ಹೊರಮೈ ಮರೆಯುವ ಜಾಗಗಳು. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರಿದರೆ ಅದಕ್ಕೂ ಮೊದಲು ಮತ್ತೆ ಹಚ್ಚಬೇಕು.

ಎಸ್‌ಪಿಎಫ್ ಯುವಿಬಿಯ ಅಳತೆ ಮಾತ್ರ. ಯುವಿಎಯಿಂದಲೂ ರಕ್ಷಣೆ ಇದೆ ಎಂದು ತಿಳಿಯಲು ಡಬ್ಬಿಯ ಮೇಲೆ ಬ್ರಾಡ್ ಸ್ಪೆಕ್ಟ್ರಮ್ ಎಂಬ ಮಾತನ್ನೋ ಪಿಎ ಪಕ್ಕದ ಪ್ಲಸ್ ಗುರುತುಗಳನ್ನೋ ಹುಡುಕಿ. ಬಂಗು ಇರುವವರಿಗೆ ಇನ್ನೊಂದು ವಿಷಯ: ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮದ ಬಣ್ಣವನ್ನು ಗಾಢಗೊಳಿಸುತ್ತದೆ, ಸಾದಾ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣವೇ ಇರುವ ಟಿಂಟೆಡ್ ಸನ್‌ಸ್ಕ್ರೀನ್ ಅಂಥವರಿಗೆ ಹೆಚ್ಚು ಒಳ್ಳೆಯದು. ಅಗಲ ಅಂಚಿನ ಟೋಪಿ, ತಂಪು ಕನ್ನಡಕ ಇದ್ದರೆ ಇನ್ನೂ ಉತ್ತಮ. ಕನ್ನಡಕದಿಂದ ಕಣ್ಣು ಕಿರಿದು ಮಾಡುವುದೂ ತಪ್ಪುತ್ತದೆ.

ರಾತ್ರಿಗೆ ಒಂದು ಕೆಲಸ

ಸನ್‌ಸ್ಕ್ರೀನ್ ರೂಢಿಯಾಗಿ ಎರಡು ತಿಂಗಳಾದ ಮೇಲೆ, ಬೇಕೆನಿಸಿದರೆ, ರೆಟಿನಾಯ್ಡ್ ಬಗ್ಗೆ ಯೋಚಿಸಿ. ವಿಟಮಿನ್ ಎ ಕುಟುಂಬದ ಈ ವಸ್ತುಗಳಿಗೆ ಇರುವಷ್ಟು ಹಳೆಯ, ಗಟ್ಟಿಯಾದ ಪುರಾವೆ ಬೇರೆ ಕ್ರೀಮುಗಳಿಗೆ ಕಡಿಮೆ. ಮೊಡವೆಗೆಂದು ಬಳಕೆಗೆ ಬಂದ ಟ್ರೆಟಿನಾಯಿನ್ ಬಿಸಿಲಿನಿಂದ ಹಾಳಾದ ಚರ್ಮವನ್ನೂ ಸುಧಾರಿಸುತ್ತದೆ ಎಂದು ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1986ರಲ್ಲಿ ವರದಿ ಮಾಡಿದರು; 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಬಳಕೆಗೆ ಒಪ್ಪಿಗೆ ಕೊಟ್ಟಿತು. ಟ್ರೆಟಿನಾಯಿನ್ ವೈದ್ಯರ ಸಲಹೆಯಿಂದ ಬಳಸುವಂಥದ್ದು. ಸೀರಮ್ಮುಗಳಲ್ಲಿ ಸಿಗುವ ರೆಟಿನಾಲ್ ಅದಕ್ಕಿಂತ ಸೌಮ್ಯ, ಕೆಲಸವೂ ನಿಧಾನ.

ಆತುರ ಬೇಡ. ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ. ಮುಖ ತೊಳೆದು ಪೂರ್ತಿ ಒಣಗಲು ಬಿಟ್ಟು, ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳುವಾಗಿ ಹಚ್ಚಿ. ರೆಪ್ಪೆ, ಮೂಗಿನ ಹೊಳ್ಳೆಯ ಮೂಲೆ, ತುಟಿಯ ಅಂಚು ಬಿಡಿ. ಅದರ ಮೇಲೆ ಮಾಯಿಶ್ಚರೈಸರ್. ಮೊದಲ ವಾರಗಳಲ್ಲಿ ಸ್ವಲ್ಪ ಸಿಪ್ಪೆ ಏಳುವುದು ಸಹಜ. ಉರಿ, ಕೆಂಪು ಹೆಚ್ಚಾದರೆ ನಿಲ್ಲಿಸಿ, ಚರ್ಮ ತಣ್ಣಗಾದ ಮೇಲೆ ಇನ್ನೂ ಕಡಿಮೆ ಸಲ ಹಚ್ಚಿ. ಕಂದು ಚರ್ಮದವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಉರಿದ ಜಾಗದಲ್ಲಿ ಕಲೆ ನಿಂತುಬಿಡುತ್ತದೆ. ಫಲ ಕಾಣಲು ಕನಿಷ್ಠ ಮೂರು ತಿಂಗಳು ಬೇಕು. ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ರೆಟಿನಾಯ್ಡ್ ಮುಟ್ಟಬಾರದು.

ಬೆಳಗ್ಗೆ ಸನ್‌ಸ್ಕ್ರೀನಿನ ಅಡಿಗೆ ವಿಟಮಿನ್ ಸಿ ಸೀರಮ್ ಹಚ್ಚುವವರಿದ್ದಾರೆ. ಹಚ್ಚಬಹುದು, ಕಡ್ಡಾಯವಲ್ಲ, ಗಾಢ ಕಂದು ಬಣ್ಣಕ್ಕೆ ತಿರುಗಿದ ಬಾಟಲಿ ಕೆಟ್ಟಿದೆ ಎಂದು ಎಸೆಯಿರಿ. ಯಾವ ಹೊಸ ವಸ್ತುವನ್ನಾದರೂ ಒಂದೊಂದಾಗಿ, ಕೆಲವು ವಾರಗಳ ಅಂತರ ಬಿಟ್ಟು ಸೇರಿಸಿ. ಮೂರನ್ನು ಒಟ್ಟಿಗೆ ಶುರು ಮಾಡಿದರೆ ಉರಿ ಬಂದಾಗ ಯಾವುದರಿಂದ ಬಂತು ಎಂದು ತಿಳಿಯುವ ದಾರಿಯೇ ಇಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ವಾರದಲ್ಲೇ ಮುಖ ಹೊಳೆಯುವಂತೆ ಮಾಡುತ್ತೇವೆ ಎನ್ನುವ, ಒಳಗೆ ಏನಿದೆ ಎಂದು ಬರೆಯದ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರಬಹುದು, ಪಾದರಸವೂ ಇರಬಹುದು. ಸ್ಟೀರಾಯ್ಡ್ ಇದ್ದರೆ ಮೊದಮೊದಲು ಮುಖ ನಯವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನೂಲಿನಂಥ ರಕ್ತನಾಳಗಳು ಎದ್ದು, ಮೊಡವೆ ಬಂದು, ನಿಲ್ಲಿಸಿದ ಕೂಡಲೇ ಮುಖ ಉರಿಯತೊಡಗುತ್ತದೆ. ವಯಸ್ಸು ಹತ್ತು ವರ್ಷದಲ್ಲಿ ಮಾಡದ ಕೆಡುಕನ್ನು ಇಂಥ ಒಂದು ಟ್ಯೂಬು ಮಾಡಬಲ್ಲದು. ಈಗಾಗಲೇ ಹಚ್ಚುತ್ತಿದ್ದರೆ ಚರ್ಮದ ಡಾಕ್ಟರ ಬಳಿ ಹೋಗಿ, ಅವರು ಹೇಳಿದಂತೆ ಬಿಡಿಸಿಕೊಳ್ಳಿ.

ಡಬ್ಬಿಯಲ್ಲಿ ಸಿಗದವು

ಸಿಗರೇಟು ಚರ್ಮಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ, ಕೊಲಾಜನ್ ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ತುಟಿಯ ಸುತ್ತ ಗೆರೆ ಬೇಗ ಬೀಳುತ್ತದೆ. ಸೇದುವವರಿಗೆ ಸನ್‌ಸ್ಕ್ರೀನಿನ ನಂತರದ ಹೆಜ್ಜೆ ಸೀರಮ್ ಅಲ್ಲ, ಸಿಗರೇಟು ಬಿಡುವುದು. ನಿದ್ದೆಗೆಟ್ಟರೆ ಮರುದಿನ ಮುಖ ಹೇಳಿಬಿಡುತ್ತದೆ, ಎಲ್ಲರಿಗೂ ಗೊತ್ತು. ಕಣ್ಣು ಕಿರಿದು ಮಾಡಿ ಪರದೆ ನೋಡುವ ಅಭ್ಯಾಸವಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ. ಹುಬ್ಬುಗಳ ನಡುವಿನ ಗೆರೆಗೆ ಬೇಕಾದದ್ದು ಬರೀ ಒಂದು ಕನ್ನಡಕ ಇರಬಹುದು. ಮುಖದ ವ್ಯಾಯಾಮ, ಕಲ್ಲಿನಿಂದ ಉಜ್ಜುವುದು ಹಿತವೆನಿಸಬಹುದು, ಆದರೆ ಸುಕ್ಕು ತಡೆಯುತ್ತವೆ ಎನ್ನಲು ಗಟ್ಟಿ ಆಧಾರ ಇಲ್ಲ.

ಇಪ್ಪತ್ತರ ಹರೆಯದಲ್ಲೇ, ಮುಂಜಾಗ್ರತೆಗೆಂದು, ಬೊಟುಲಿನಮ್ ಇಂಜೆಕ್ಷನ್ ತೆಗೆದುಕೊಳ್ಳಿ ಎನ್ನುವ ಪ್ರಚಾರ ಈಗ ಜೋರಾಗಿದೆ. ಅದು ಸ್ನಾಯುವನ್ನು ಮೂರು–ನಾಲ್ಕು ತಿಂಗಳು ಸಡಿಲಿಸುತ್ತದೆ, ಆಮೇಲೆ ಮತ್ತೆ ಬೇಕು. ಮುಖ ಆಡಿಸಿದಾಗ ಮಾತ್ರ ಗೆರೆ ಬೀಳುವವರಿಗೆ ಅದರ ಅವಸರವಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಮ್ಮನಿದ್ದಾಗಲೂ ಉಳಿಯುವ ಗೆರೆ ನಿಜವಾಗಿ ಮನಸ್ಸಿಗೆ ಕಿರಿಕಿರಿ ಮಾಡುತ್ತಿದ್ದರೆ, ಅರ್ಹ ಚರ್ಮತಜ್ಞರ ಹತ್ತಿರ ಮಾತಾಡಿ ತೀರ್ಮಾನಿಸುವುದರಲ್ಲಿ ತಪ್ಪಿಲ್ಲ.

ವೈದ್ಯರಿಗೆ ತೋರಿಸಲೇಬೇಕಾದವು

ಮುಖ ನೋಡಿಕೊಳ್ಳುವಾಗ ಕಣ್ಣಿಗೆ ಬೀಳುವ ಕೆಲವು ಬದಲಾವಣೆಗಳಿಗೂ ವಯಸ್ಸಿಗೂ ಸಂಬಂಧವಿಲ್ಲ. ಆಕಾರ, ಅಂಚು, ಬಣ್ಣ ಬದಲಾಗುತ್ತಿರುವ ಮಚ್ಚೆ, 6 ಮಿಲಿಮೀಟರಿಗಿಂತ ದೊಡ್ಡದಾದದ್ದು, ಪದೇ ಪದೇ ರಕ್ತ ಬರುವ ಅಥವಾ ವಾಸಿಯಾಗದ ಹುಣ್ಣು: ತಡ ಮಾಡಬೇಡಿ. ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದ ಚರ್ಮವನ್ನು ಕೊಳೆಯೆಂದು ಉಜ್ಜುವವರಿದ್ದಾರೆ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ ಇರಬಹುದು, ಸಕ್ಕರೆ ಪರೀಕ್ಷೆ ಮಾಡಿಸಿ. ಮುಖ ಊದಿಕೊಂಡು, ಜೊತೆಗೆ ಸುಸ್ತು, ಚಳಿ ತಡೆಯಲಾಗದಿರುವುದು ಇದ್ದರೆ ಥೈರಾಯ್ಡ್ ನೋಡಿಸಿ. ಮುಖದ ಒಂದು ಬದಿಯೋ ಒಂದು ರೆಪ್ಪೆಯೋ ಇದ್ದಕ್ಕಿದ್ದಂತೆ ಜೋತುಬಿದ್ದರೆ ಅದು ತುರ್ತು, ಕೂಡಲೇ ಆಸ್ಪತ್ರೆಗೆ ಹೋಗಿ.

ಮನಸ್ಸಿನದೂ ಇದೆ. ಬೇರೆಯವರಿಗೆ ಕಾಣದ ಗೆರೆಯ ಯೋಚನೆಯಲ್ಲೇ ದಿನಕ್ಕೆ ಗಂಟೆಗಟ್ಟಲೆ ಕಳೆಯುತ್ತಿದ್ದರೆ, ಪದೇ ಪದೇ ಕನ್ನಡಿ ನೋಡುವುದನ್ನು ನಿಲ್ಲಿಸಲಾಗದಿದ್ದರೆ, ಮುಖ ತೋರಿಸಬೇಕಾಗುತ್ತದೆ ಎಂದು ಜನರನ್ನು ಭೇಟಿಯಾಗುವುದು ತಪ್ಪಿಸುತ್ತಿದ್ದರೆ, ಕಷ್ಟ ಚರ್ಮದ್ದಲ್ಲ. ಅದಕ್ಕೆ ಹೆಸರೂ ಇದೆ, ಒಳ್ಳೆಯ ಚಿಕಿತ್ಸೆಯೂ ಇದೆ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಈ ಸ್ಥಿತಿಯಲ್ಲಿ ಇಂಜೆಕ್ಷನ್, ಲೇಸರ್ ಮಾಡಿಸಿಕೊಂಡವರಿಗೆ ಸಾಮಾನ್ಯವಾಗಿ ನೆಮ್ಮದಿ ಸಿಗುವುದಿಲ್ಲ, ಚಿಂತೆ ಬೇರೆ ಜಾಗಕ್ಕೆ ಹೋಗುತ್ತದೆ.

ಚರ್ಮದ ಡಾಕ್ಟರ ಬಳಿ ಹೋಗುವಾಗ ಮೊದಲು ತೆಗೆದಿಟ್ಟ ಫೋಟೋಗಳ ಜೊತೆಗೆ, ಈಗ ಮುಖಕ್ಕೆ ಹಚ್ಚುತ್ತಿರುವ ಎಲ್ಲ ಟ್ಯೂಬು, ಬಾಟಲಿಗಳನ್ನೂ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಸೇವಿಸುತ್ತಿರುವ ಮಾತ್ರೆಗಳ ಹೆಸರು ಬರೆದುಕೊಳ್ಳಿ; ಗರ್ಭನಿರೋಧಕ ಮಾತ್ರೆಯಿಂದ ಬಂಗು ಹೆಚ್ಚುವುದುಂಟು. ಬರೆದುಕೊಟ್ಟ ಕ್ರೀಮನ್ನು ಎಷ್ಟು ದಿನ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಎಂದು ಅಲ್ಲೇ ಕೇಳಿ, ಆ ತಾರೀಕನ್ನು ಟ್ಯೂಬಿನ ಮೇಲೆಯೇ ಬರೆದಿಡಿ.